ಕೆಂಪು ರಿಪೋರ್ಟಿನ ಫೋನ್

ಜುಲೈ 8, ಸೋಮವಾರ

ಲ್ಯಾಬಿನಲ್ಲಿ ಮೊದಲ ದಿನ. ಬದುಕಿ ಬಂದಿದ್ದೇನೆ, ಅಷ್ಟೇ ಸಮಾಚಾರ.

ಫಸ್ಟ್ ಇಯರ್‌ನವರನ್ನೆಲ್ಲ ಕಾಲೇಜಿನವರು ಮಧ್ಯಾಹ್ನದ ಹೊತ್ತು ಒಂದೊಂದು ಕಡೆ ಟ್ರೈನಿಂಗಿಗೆ ಅಟ್ಟಿದ್ದಾರೆ. ನನಗೆ ಬಿದ್ದಿದ್ದು ರಕ್ತ ಪರೀಕ್ಷೆಯ ಲ್ಯಾಬ್. ಇಲ್ಲಿ ಫೇಲ್ ಆದರೆ ಇಡೀ ವರ್ಷವೇ ಹೋಯಿತು. ಸೂಜಿ ಚುಚ್ಚೋಕೆ ಹೇಳ್ತಾರೆ ಅಂತ ವಾರದಿಂದ ದಿಂಬಿಗೆ ಪಿನ್ ಚುಚ್ಚಿ ಪ್ರಾಕ್ಟೀಸ್ ಮಾಡಿದ್ದೆ. ದಿಂಬಿನ ಹತ್ತಿ ಈಚೆ ಬಂತೇ ಹೊರತು ಕೈನಡುಕ ಹೋಗಲಿಲ್ಲ. ಕೊನೆಗೆ ಕೊಟ್ಟಿದ್ದೇನು? ಬಾಗಿಲ ಹತ್ತಿರದ ಡೆಸ್ಕು. ಒಂದು ಕಂಪ್ಯೂಟರು. ಒಂದು ಫೋನು.

ಫೋನು! ಸೂಜಿಯೇ ವಾಸಿ ಇತ್ತು.

ಡಾಕ್ಟರ್ ಮೇಡಂ ಲ್ಯಾಬಿನ ಯಜಮಾನಿ. ಮಾತಾಡುವಾಗ ಕನ್ನಡಕದ ಮೇಲಿಂದ ನೋಡುತ್ತಾರೆ. "ನೋಡಮ್ಮ, ಹಸಿರು ಬಣ್ಣದ ರಿಪೋರ್ಟ್ ತಾನಾಗೇ ಮೇಲ್‌ನಲ್ಲಿ ಹೋಗುತ್ತೆ. ಹಳದಿ ಬಂದ್ರೆ ನಾನು ನೋಡ್ಕೋತೀನಿ. ಕೆಂಪು ಬಂತು ಅಂದ್ರೆ ಮೇಲ್ ಇಲ್ಲ, ಮೆಸೇಜ್ ಇಲ್ಲ. ಫೋನ್. ನೀನು ಹೇಳಿದ್ದನ್ನ ಅವರ ಬಾಯಲ್ಲೇ ವಾಪಸ್ ಹೇಳಿಸ್ಬೇಕು. ‘ಸರಿ ಸರಿ’ ಅಂದ್ರೆ ಸಾಲದು. ‘ಈಗಲೇ ಆಸ್ಪತ್ರೆಗೆ ಹೋಗ್ತೀನಿ’ ಅಂತ ಬಾಯಿಂದ ಬರೋವರೆಗೂ ಫೋನ್ ಇಡಬೇಡ. ತಿಳೀತಾ?"

"ಯೆಸ್ ಮ್ಯಾಮ್."

ರಕ್ತ ತೆಗೆಯುವವನಿಗೆ ಎಲ್ಲರೂ ಸೂಜಿ ಅಣ್ಣ ಅನ್ನುತ್ತಾರೆ. ಕಂಪ್ಯೂಟರ್ ತೋರಿಸಿದ್ದು ಅವನೇ. ಅದರೊಳಗೆ ಒಂದು ಎಐ ಇದೆ. ಚಾಟ್‌ನಲ್ಲಿ ಏನು ಕೇಳಿದರೂ ಹೇಳುತ್ತೆ. ಲ್ಯಾಬಿನ ಇಮೇಲು, ಕ್ಯಾಲೆಂಡರು, ರಿಪೋರ್ಟುಗಳು ಎಲ್ಲಕ್ಕೂ ಅದನ್ನು ಜೋಡಿಸಿದ್ದಾರೆ. ಕೆಂಪು ರಿಪೋರ್ಟ್ ಬಂದರೆ ಅದೇ ನನ್ನ ಕ್ಯಾಲೆಂಡರಿನಲ್ಲಿ ಫೋನ್ ಮಾಡೋಕೆ ಹೊತ್ತು ಗೊತ್ತು ಮಾಡುತ್ತೆ. ಸಂಜೆ ದಿನದ ಸಾರಾಂಶ ಬರೆದು ಎಲ್ಲರಿಗೂ ಕಳಿಸುತ್ತೆ. ಫೋನು ಮಾತ್ರ ಹಳೇ ಕಾಲದ ತಂತಿ ಫೋನು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

"ಇದರ ಹೆಸರು ಜಾಣಮರಿ," ಅಂದ ಸೂಜಿ ಅಣ್ಣ. "ಎದುರು ಮಾತಾಡಲ್ಲ, ಟೀಗೆ ಹೋಗಲ್ಲ, ರಜಾ ಕೇಳಲ್ಲ. ನಮ್ಮಂಥವರ ಹೊಟ್ಟೆ ಮೇಲೆ ಹೊಡೆಯೋಕೇ ಹುಟ್ಟಿರೋದು."

ಸ್ಕೂಲ್ ಹಾಸ್ಟೆಲ್‌ನಲ್ಲಿ ವಾರ್ಡನ್ ನನ್ನನ್ನೂ ಜಾಣಮರಿ ಅಂತಲೇ ಕರೆಯುತ್ತಿದ್ದರು.

ಜುಲೈ 10, ಬುಧವಾರ

ಫೋನ್ ಅಂದರೆ ಯಾಕೆ ಹೀಗಾಗುತ್ತೆ ಅಂತ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಮೂರನೇ ಕ್ಲಾಸಿನಿಂದ ಹಾಸ್ಟೆಲು. ಭಾನುವಾರ ಕಾರಿಡಾರಿನಲ್ಲಿ ಒಂದೇ ಫೋನು. ಪಕ್ಕದ ಕುರ್ಚಿಯಲ್ಲಿ ವಾರ್ಡನ್, ಹಿಂದೆ ಕಾಲು ಕುಟ್ಟುವ ಹುಡುಗಿಯರ ಸಾಲು. ಇಂಗ್ಲಿಷಿನಲ್ಲೇ ಮಾತಾಡಬೇಕು. ಅಮ್ಮನಿಗೆ ಇಂಗ್ಲಿಷ್ ಬರದು. "ಐ ಆಮ್ ಫೈನ್ ಅಮ್ಮ, ಹೌ ಆರ್ ಯು ಅಮ್ಮ, ಬೈ ಅಮ್ಮ." ಅಮ್ಮ ಆ ಕಡೆಯಿಂದ "ಊಟ ಮಾಡಿದೆಯಾ ಪುಟ್ಟಾ" ಅಂತ ಕೇಳುತ್ತಿರುವಾಗಲೇ ನಾನು ಬೈ ಹೇಳಿಯಾಗಿರುತ್ತಿತ್ತು. ಫೋನ್ ಅಂದರೆ ಬೇಗ ಮುಗಿಸುವ ವಸ್ತು. ನನಗೆ ಗೊತ್ತಿರೋದು ಅಷ್ಟೇ.

ಇವತ್ತು ಒಬ್ಬರು ತಾತ ಬಂದಿದ್ದರು. ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಕಿಡ್ನಿ ತೊಂದರೆ, ಆಗಾಗ ಬಂದು ರಕ್ತ ಕೊಡಬೇಕು. ಒಳಗೆ ಕಾಲಿಟ್ಟವರೇ ಸಾಲಿನಲ್ಲಿದ್ದವರಿಗೆಲ್ಲ "ಮುಂದೆ ಹೋಗ್ರೀ, ಒಳಗಡೆ ಜಾಗ ಇದೆ! ಬಾಗಿಲಲ್ಲೇ ನಿಂತ್ರೆ ಹೆಂಗೆ?" ಅಂತ ಕೂಗಿದರು. ಜ್ವರ ಇದ್ದವರೂ ನಕ್ಕರು.

"ಏನಮ್ಮಾ, ಹೊಸಬಳಾ?"

"ಯೆಸ್... ಹೌದು ಅಂಕಲ್."

"ಅಂಕಲ್ ಅಂದ್ರೆ ಫುಲ್ ಟಿಕೆಟ್ ಕಣಮ್ಮ. ತಾತ ಅನ್ನು, ರಿಯಾಯ್ತಿ ಸಿಗುತ್ತೆ." ಆಮೇಲೆ ಡೆಸ್ಕಿನ ಮೇಲೆ ಬಗ್ಗಿ, "ನೋಡು ಇಂಗ್ಲಿಷಮ್ಮ, ನನಗೆ ಮೇಲು ಗೀಲು ಕಳಿಸ್ಬೇಡ. ಕನ್ನಡಕ ಹುಡುಕೋದ್ರೊಳಗೆ ನಾನೇ ಕಳೆದುಹೋಗಿರ್ತೀನಿ. ಮನೆ ಫೋನಿಗೇ ಮಾಡು. ಮಗಳು ಬೇಕರಿ ಕೆಲಸಕ್ಕೆ ಹೋಗಿರ್ತಾಳೆ, ನಾನೇ ಎದ್ದು ಬರಬೇಕು. ಮಂಡಿ ಕೈಕೊಟ್ಟಿದೆ. ರಿಂಗ್ ಆಗ್ತಾನೇ ಇರ್ಲಿ, ನಾನು ಬಂದೇ ಬರ್ತೀನಿ. ಇಟ್ಬಿಡಬೇಡ, ಆಯ್ತಾ?"

ಆಯ್ತು ಅಂದೆ. ಇಂಗ್ಲಿಷಮ್ಮ ಅಂದಿದ್ದಕ್ಕೆ ಬೇಜಾರಾಗಬೇಕಿತ್ತು, ಆಗಲಿಲ್ಲ.

ಜುಲೈ 12, ಶುಕ್ರವಾರ

ಮೊದಲ ಕೆಂಪು. ಒಬ್ಬ ಹೆಂಗಸಿಗೆ ಹಿಮೋಗ್ಲೋಬಿನ್ ತೀರಾ ಕಡಿಮೆ. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಡಯಲ್ ಮಾಡಿದೆ. "ಮ್ಯಾಮ್, ಯುವರ್... ನಿಮ್ಮ ರಕ್ತ ಈಸ್ ವೆರಿ..." ಅಂತ ಏನೇನೋ ಒದರಿದೆ.

"ಏನಮ್ಮಾ, ಟೀವಿ ನ್ಯೂಸ್ ಓದ್ತಾ ಇದ್ದೀಯಾ? ಬಿಡಿಸಿ ಹೇಳು!" ಅಂತ ಆಯಮ್ಮ ಗದರಿದರು. ಹಿಂದೆ ಸೂಜಿ ಅಣ್ಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಿಕಿಸಿ ನಗುತ್ತಿದ್ದ. ಅಂತೂ ಆಯಮ್ಮ "ಈಗಲೇ ಆಸ್ಪತ್ರೆಗೆ ಹೋಗ್ತೀನಿ" ಅಂದರು. ಫೋನ್ ಇಟ್ಟಾಗ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಆಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ.

ಜುಲೈ 19, ಶುಕ್ರವಾರ

ಇವತ್ತು ಒಂದು ವಿಚಿತ್ರ.

ಮತ್ತೆ ಕೆಂಪು. ಲಾರಿ ಓಡಿಸುವವರೊಬ್ಬರಿಗೆ ಶುಗರ್ ಆಕಾಶಕ್ಕೆ ಹೋಗಿತ್ತು. ಜಾಣಮರಿ ಮೂರು ಗಂಟೆಗೆ ಕಾಲ್ ಅಂತ ಕ್ಯಾಲೆಂಡರಿನಲ್ಲಿ ಹಾಕಿತ್ತು. ಮೂರು ಹೊಡೆಯುವ ಹೊತ್ತಿಗೆ ನಾನು ಡೆಸ್ಕು ಬಿಟ್ಟು ಎದ್ದೆ. ಸ್ಯಾಂಪಲ್ ಫ್ರಿಜ್ ಇರುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಐದೇ ನಿಮಿಷ ಅಂದುಕೊಂಡಿದ್ದೆ. ಈಚೆ ಬಂದಾಗ ಡೆಸ್ಕಿನ ಮುಂದೆ ಜನ. ಆಮೇಲೆ ಮಾಡೋಣ, ಆಮೇಲೆ ಮಾಡೋಣ ಅಂತ ಸಂಜೆಯಾಗೇ ಹೋಯಿತು.

ಸಾರಾಂಶ ಬಂತು. "ಮೂರು ಗಂಟೆಗೆ ರೋಗಿಯೊಂದಿಗೆ ಹತ್ತು ನಿಮಿಷ ಮಾತನಾಡಿ ಫಲಿತಾಂಶ ತಿಳಿಸಲಾಯಿತು."

ಗಾಬರಿಯಾಯಿತು. ನಾನು ಫೋನೇ ಮಾಡಿಲ್ಲ, ಹೀಗೆ ಯಾಕೆ ಬರೆದೆ ಅಂತ ಚಾಟಿನಲ್ಲಿ ಕೇಳಿದೆ.

"ಕ್ಷಮಿಸಿ. ಆ ಸಮಯವನ್ನು ಕರೆಗಾಗಿ ಮೀಸಲಿಡಲಾಗಿತ್ತು, ರದ್ದು ಮಾಡಿರಲಿಲ್ಲ. ಆದ್ದರಿಂದ ಕರೆ ನಡೆದಿದೆ ಎಂದು ಭಾವಿಸಿದೆ. ಅದು ತಪ್ಪು. ಸರಿಪಡಿಸಲೇ?"

ಸರಿಪಡಿಸಿದರೆ ಡಾಕ್ಟರ್ ಮೇಡಂಗೂ ಹೋಗುತ್ತೆ. ಟ್ರೈನಿಂಗ್ ಮಾರ್ಕ್ಸ್ ಅವರ ಕೈಯಲ್ಲಿದೆ. ಬೇಡ ಅಂತ ಟೈಪ್ ಮಾಡಿದೆ. ನಾಳೆ ಬಂದ ಕೂಡಲೇ ಫೋನ್ ಮಾಡುತ್ತೇನೆ. ಮಾಡೇ ಮಾಡುತ್ತೇನೆ.

ಜುಲೈ 20, ಶನಿವಾರ

ಮಾಡುವ ಮೊದಲೇ ಆ ಲಾರಿಯವರು ತಾವೇ ಬಂದು ರಿಪೋರ್ಟ್ ತಗೊಂಡು ಹೋದರು! ತಲೆ ಸುತ್ತು ಬಂದು ಆಗಲೇ ಡಾಕ್ಟರಿಗೆ ತೋರಿಸಿದ್ದರಂತೆ. ಏನೂ ಆಗಲಿಲ್ಲ. ಇಡೀ ರಾತ್ರಿ ಸುಮ್ಮನೆ ಹೆದರಿ ಸತ್ತೆ.

ಜುಲೈ 22, ಸೋಮವಾರ

ಅಮ್ಮ ನಿನ್ನೆ ಎರಡು ಸಲ ಫೋನ್ ಮಾಡಿದ್ದಳು. ಎತ್ತಲಿಲ್ಲ. ಇವತ್ತು ಮೆಸೇಜಿನಲ್ಲಿ ದನಿ ಕಳಿಸಿದ್ದಾಳೆ: "ಪುಟ್ಟಾ, ಫೋನ್ ಇರೋದು ಯಾಕೆ, ಉಪ್ಪಿನಕಾಯಿ ಹಾಕೋಕಾ? ಹೋಗ್ಲಿ ಬಿಡು, ಬಿಡುವಾದಾಗ ಮಾಡು. ಸೊಂಟ ಸ್ವಲ್ಪ ಹಿಡ್ಕೊಂಡಿದೆ, ಗಾಬರಿ ಆಗ್ಬೇಡ."

ಜಾಣಮರಿಗೆ ಹೇಳಿ ಪ್ರತಿ ಭಾನುವಾರ ಸಂಜೆ ‘ಅಮ್ಮನಿಗೆ ಫೋನ್’ ಅಂತ ಹಾಕಿಸಿದೆ. ಈಗ ಮನಸ್ಸಿಗೆ ಸಮಾಧಾನ. ಅರ್ಧ ಮಾಡಿದ ಹಾಗೇ ಆಯಿತು.

ಜುಲೈ 26, ಶುಕ್ರವಾರ

ಈ ವಾರ ಎರಡು ಕೆಂಪು. ಒಂದಕ್ಕೆ ಮಾಡಿದೆ. ಇನ್ನೊಂದಕ್ಕೆ ಮಾಡಿದೆನೋ ಇಲ್ಲವೋ ನೆನಪಾಗದೆ ಸಾರಾಂಶ ತೆಗೆದು ನೋಡಿದೆ. ಮಾಡಿದ್ದೇನೆ.

ಸೂಜಿ ಅಣ್ಣ ಕೇಳಿದ, "ಏನಮ್ಮಾ ತಂಗಿ, ಈಗ ವಾಂತಿ ಗೀಂತಿ ಇಲ್ವಾ?" ಅಂದರೆ ಅವತ್ತೇ ಗೊತ್ತಾಗಿತ್ತು ಅವನಿಗೆ! "ನಾನು ಮೊದಲ ಸಲ ರಕ್ತ ತೆಗೆದಾಗ ರೋಗಿ ನೆಟ್ಟಗಿದ್ದ, ನಾನೇ ಬಿದ್ದಿದ್ದೆ. ಹೋಗುತ್ತೆ ಬಿಡು," ಅಂದ. ಹೋಯ್ತಣ್ಣ ಅಂದೆ. ನಿಜವಾಗಿಯೂ ಹೋಗಿದೆ. ಒಳ್ಳೆ ನಿದ್ದೆ ಬರುತ್ತಿದೆ.

ಆಗಸ್ಟ್ 1, ಗುರುವಾರ

ಬೆಳಿಗ್ಗೆ ಕಂಡಕ್ಟರ್ ತಾತ ರಕ್ತ ಕೊಟ್ಟು ಹೋಗಿದ್ದರಂತೆ. ಮಧ್ಯಾಹ್ನ ರಿಪೋರ್ಟ್ ಕೆಂಪು. ಪೊಟ್ಯಾಸಿಯಂ. ಕ್ಲಾಸಿನಲ್ಲಿ ಓದಿದ್ದೇವೆ, ಅದು ಇಷ್ಟು ಏರಿದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಡಾಕ್ಟರ್ ಮೇಡಂ ಹೊರಗೆ ಹೋಗಿದ್ದರು. ನನಗೆ ಮೆಸೇಜ್ ಹಾಕಿದ್ದರು: "ತಕ್ಷಣ ಮಾತಾಡು. ಇವತ್ತೇ ಅಡ್ಮಿಟ್ ಆಗಬೇಕು."

ಫೋನ್ ಮಾಡಿದೆ. ಮಾಡಿದೆ. ನಾಲ್ಕೈದು ರಿಂಗ್ ಆಯಿತು. ಪ್ರತಿ ರಿಂಗಿಗೂ ಎತ್ತಬಾರದು, ಎತ್ತಬಾರದು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅವರಿಗೆ ಹೇಗೆ ಹೇಳೋದು? ಜೋಕ್ ಮಾಡುತ್ತಾರೆ. ನಗಬೇಕಾ? ಇಟ್ಟುಬಿಟ್ಟೆ. ಮನೆಯಲ್ಲಿಲ್ಲ, ಮತ್ತೆ ಮಾಡೋಣ ಅಂದುಕೊಂಡೆ.

ಆಮೇಲೆ ಪ್ರಿಂಟರ್ ಕೆಟ್ಟಿತು. ಆಮೇಲೆ ಯಾರೋ ಮಗುವನ್ನು ಎತ್ತಿಕೊಂಡು ಬಂದರು. ಆಮೇಲೆ ಬಸ್ಸು.

ಬಸ್ಸಿನಲ್ಲಿ ಸಾರಾಂಶ ಬಂತು. "ಹತ್ತು ನಿಮಿಷ ಮಾತನಾಡಿ ತಕ್ಷಣ ಆಸ್ಪತ್ರೆಗೆ ಸೇರುವಂತೆ ತಿಳಿಸಲಾಯಿತು. ಬದಲಾವಣೆ ಇದ್ದರೆ ತಿಳಿಸಿ." ಕೆಳಗೆ ಮೇಡಂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದಾರೆ.

ನಾಳೆ.

ಆಗಸ್ಟ್ 2, ಶುಕ್ರವಾರ

ಕಾಲೇಜಿನಲ್ಲಿ ಟೆಸ್ಟ್. ಲ್ಯಾಬಿಗೆ ಹೋಗಲಿಲ್ಲ. ಟೆಸ್ಟ್ ಸುಮಾರು.

ಆಗಸ್ಟ್ 5, ಸೋಮವಾರ

ಕಂಡಕ್ಟರ್ ತಾತ ಹೋಗಿಬಿಟ್ಟರಂತೆ. ಶುಕ್ರವಾರ ಬೆಳಗಿನ ಜಾವ, ಮಲಗಿದ್ದಲ್ಲೇ.

ಸೂಜಿ ಅಣ್ಣ ಹೇಳಿದ. ಹೇಳಿ ಅವರು ಕೂರುತ್ತಿದ್ದ ಕುರ್ಚಿಯನ್ನು ಸುಮ್ಮನೆ ಒರೆಸಿದ. ಮೇಡಂ ಒಳಗೆ ಕರೆದರು. ಎಲ್ಲ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಬಾಯಿ ತೆರೆದೆ.

ಅಷ್ಟರಲ್ಲಿ ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. "ನೋಡ್ದೆ. ಹತ್ತು ನಿಮಿಷ ಮಾತಾಡಿದ್ದೀಯ. ವಾಪಸ್ ಹೇಳಿಸಿದೆ ತಾನೇ?"

"ಯೆಸ್ ಮ್ಯಾಮ್."

"ಆಸ್ಪತ್ರೆಗೆ ಹೋಗ್ತೀನಿ ಅಂದ್ರಾ?"

"ಯೆಸ್ ಮ್ಯಾಮ್."

ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಹಠಮಾರಿ ಮುದುಕ. ಹೋಗ್ತೀನಿ ಅಂದು ಹೋಗಿಲ್ಲ. ನಿನ್ನ ತಪ್ಪೇನಿಲ್ಲ ಮಗು, ಅಳಬೇಡ."

ಅಳುತ್ತಿದ್ದೆನಾ? ಗೊತ್ತಿರಲಿಲ್ಲ.

ಡೆಸ್ಕಿಗೆ ಬಂದು ಜಾಣಮರಿಯನ್ನು ಕೇಳಿದೆ: ಆಗಸ್ಟ್ ಒಂದರ ಕಾಲ್ ನಡೆದಿತ್ತಾ?

"ಕ್ಯಾಲೆಂಡರ್ ಮತ್ತು ಸಾರಾಂಶದ ಪ್ರಕಾರ ನಡೆದಿದೆ. ಆದರೆ ಫೋನಿನೊಂದಿಗೆ ನನಗೆ ಸಂಪರ್ಕವಿಲ್ಲ, ಆದ್ದರಿಂದ ಖಚಿತವಾಗಿ ಹೇಳಲಾರೆ. ಖಚಿತವಾಗಿ ಬಲ್ಲವರು ನೀವೊಬ್ಬರೇ. ನಡೆದಿಲ್ಲದಿದ್ದರೆ ತಿಳಿಸಿ, ಸರಿಪಡಿಸುತ್ತೇನೆ."

ನಡೆದಿದೆ ಅಂತ ಅಂದಿದೆ.

ಆಗಸ್ಟ್ 6, ಮಂಗಳವಾರ

ಯೋಚಿಸಿ ನೋಡಿದರೆ ನಾನು ಡಯಲ್ ಮಾಡಿದ್ದಂತೂ ನಿಜ. ರಿಂಗ್ ಆಗಿದ್ದೂ ನಿಜ. ಮಾಡೇ ಇಲ್ಲ ಅಂದರೆ ಅದೂ ಸುಳ್ಳೇ ತಾನೇ? ಆ ದಿನದ ಪುಟ ತಿರುಗಿಸಿ ನೋಡಬೇಕು ಅಂದುಕೊಂಡೆ. ನೋಡಲಿಲ್ಲ. ಅವತ್ತು ಸುಸ್ತಾಗಿತ್ತು, ಏನು ಗೀಚಿದ್ದೇನೋ.

ಆಗಸ್ಟ್ 9, ಶುಕ್ರವಾರ

ತಾತನ ಮಗಳು ಬಂದಿದ್ದರು. ಕೈಯಲ್ಲಿ ಬೇಕರಿಯ ಕಾಗದದ ಚೀಲ. ಮುಂಗೈ ಮೇಲೆ ಒಲೆಯ ಸುಟ್ಟ ಗೆರೆಗಳು. ಹಳೇ ರಿಪೋರ್ಟ್ ಕೇಳೋಕೆ ಬಂದಿದ್ದಾರೆ ಅಂದುಕೊಂಡೆ.

"ಇಂಗ್ಲಿಷಮ್ಮ ಅಂದ್ರೆ ನೀನೇನಾ?"

ಹೂಂ ಅಂದೆ.

"ಮನೇಲಿ ನಿಂದೇ ಮಾತು. ‘ಆ ಹುಡುಗಿ ಫೋನ್ ಮಾಡಿದ್ರೆ ಇಂಗ್ಲಿಷಲ್ಲೇ ಉತ್ತರ ಕೊಡ್ತೀನಿ ನೋಡು’ ಅಂತ ಕನ್ನಡಿ ಮುಂದೆ ನಿಂತು ‘ಹಲೋ, ಸ್ಪೀಕಿಂಗ್’ ಅನ್ನೋರು. ನಾನು ಬೈಯೋಳು, ಸ್ಪೀಕಿಂಗ್ ಆಮೇಲೆ, ಮೊದಲು ಮಾತ್ರೆ ನುಂಗು ಅಂತ." ನಕ್ಕರು. ನಗು ಅರ್ಧಕ್ಕೇ ನಿಂತಿತು. "ಡಾಕ್ಟರ್ ಹೇಳಿದ್ರು, ನೀನು ಹತ್ತು ನಿಮಿಷ ಮಾತಾಡಿದ್ದೆ ಅಂತ. ಕೇಳೋಣ ಅಂತ ಬಂದೆ. ಅಪ್ಪ ಏನಂದ್ರಮ್ಮ?"

ನಾನು ಕಂಪ್ಯೂಟರ್ ನೋಡಿದೆ. ಸಾರಾಂಶದಲ್ಲಿ ಅದು ಇರಲಿಲ್ಲ.

"ಅವತ್ತು ಸಂಜೆ ನಾನು ಮನೆಗೆ ಬಂದಾಗ ಫೋನ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿದ್ರು. ಏಳಲೇ ಇಲ್ಲ. ಊಟನೂ ಅಲ್ಲೇ ಮಾಡಿದ್ರು. ಯಾಕಪ್ಪಾ ಅಂದ್ರೆ ಸುಮ್ನೆ ನಕ್ಕರು. ಅಷ್ಟು ದೊಡ್ಡ ವಿಷಯ ತಿಳಿದೂ ಹೊಟ್ಟೇಲಿಟ್ಕೊಂಡು ಕೂತಿದ್ರಲ್ಲ! ಒಂದು ಮಾತು ನನಗೆ ಹೇಳಬಾರದಿತ್ತಾ? ಹೆಗಲ ಮೇಲೆ ಹೊತ್ಕೊಂಡಾದ್ರೂ ಹೋಗ್ತಿದ್ದೆ. ಯಾಕೆ ಹೇಳಲಿಲ್ಲ? ಅದೊಂದು ಗೊತ್ತಾದ್ರೆ ಸಾಕು ನನಗೆ."

ಆಗ ನಾನು ಹೇಳಿದೆ. ಯೋಚಿಸಲೇ ಇಲ್ಲ, ತಾನಾಗಿ ಬಂತು. ತಡವರಿಸಲೂ ಇಲ್ಲ, ಒಂದೇ ಒಂದು ಇಂಗ್ಲಿಷ್ ಪದ ಕೂಡ ಬರಲಿಲ್ಲ. "ಮಗಳು ದಣಿದು ಬರ್ತಾಳೆ, ಅವಳಿಗೆ ತೊಂದರೆ ಕೊಡೋದು ಬೇಡ, ಬೆಳಿಗ್ಗೆ ಹೋಗ್ತೀನಿ ಅಂದರು ಅಕ್ಕ."

ಅವರು ತಾತನ ಕುರ್ಚಿಯಲ್ಲೇ ಕೂತುಬಿಟ್ಟರು.

"ಹೌದು," ಅಂದರು ಆಮೇಲೆ. "ದಣಿದು ಬಂದಿದ್ದೆ. ಕಾಲು ಸಿಡೀತಾ ಇತ್ತು. ಏನಪ್ಪಾ ಇದು, ದಾರಿಗೆ ಅಡ್ಡ ಕೂತಿದ್ದೀಯ ಅಂತ ರೇಗಿ ಹೋಗಿ ಮಲಗಿಬಿಟ್ಟೆ."

ಸೂಜಿ ಅಣ್ಣ ನೀರು ತಂದು ಕೊಟ್ಟ. ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಇದ್ದರು. ಹೋಗುವಾಗ ನನ್ನ ತಲೆ ಮೇಲೆ ಕೈ ಇಟ್ಟರು. "ಕೊನೇಲಿ ನಿನ್ನ ಜೊತೆಯಾದ್ರೂ ಮನಸ್ಸು ಬಿಚ್ಚಿ ಮಾತಾಡಿದ್ರಲ್ಲ, ಅಷ್ಟೇ ಸಾಕು ಬಿಡು." ಚೀಲ ಡೆಸ್ಕಿನ ಮೇಲೆ ಬಿಟ್ಟು ಹೋದರು. ಬನ್ನುಗಳು. ಇನ್ನೂ ಬೆಚ್ಚಗಿದ್ದವು.

ಸೂಜಿ ಅಣ್ಣ ನನ್ನನ್ನೇ ನೋಡುತ್ತಿದ್ದ. "ತಂಗೀ, ಅವತ್ತು ಮಧ್ಯಾಹ್ನ ನಾನು ಇಲ್ಲೇ ಇದ್ದೆನಲ್ಲ. ನೀನು ಅಷ್ಟು ಹೊತ್ತು ಮಾತಾಡಿದ್ದು..." ಅಂದ.

"ಸಾರಾಂಶದಲ್ಲಿ ಇದೆ ಅಣ್ಣ."

ಬನ್ ಕೊಟ್ಟರೆ ಹಸಿವಿಲ್ಲ ಅಂದ. ನಾನು ಎರಡು ತಿಂದೆ.

ಆಗಸ್ಟ್ 14, ಬುಧವಾರ

ಇಂದು ಹೊಸ ಟ್ರೈನಿ ಸೇರಿದಳು. ಕೆಂಪು ರಿಪೋರ್ಟಿನ ಕರೆ ಮಾಡುವ ವಿಧಾನವನ್ನು ಅವಳಿಗೆ ವಿವರಿಸಲಾಯಿತು. ಮೇಡಂ ನನ್ನನ್ನು ತೋರಿಸಿ, "ಇವಳನ್ನ ನೋಡಿ ಕಲಿ, ಪೇಷಂಟ್ ಜೊತೆ ಎಷ್ಟು ತಾಳ್ಮೆ ಇವಳಿಗೆ," ಎಂದರು. ಹೊಸ ಹುಡುಗಿ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಕ್ಯಾಲೆಂಡರ್ ಇದೆ, ಹೆದರಬೇಡ ಎಂದೆ. ಸೂಜಿ ಅಣ್ಣ ಇತ್ತೀಚೆಗೆ ನನ್ನೊಡನೆ ಹೆಚ್ಚು ಮಾತನಾಡುತ್ತಿಲ್ಲ. ಕೆಲಸದ ಒತ್ತಡವಿರಬಹುದು.

ಕಂಡಕ್ಟರ್ ತಾತನ ದನಿ ಈಗ ಸ್ಪಷ್ಟವಾಗಿ ನೆನಪಾಗುತ್ತದೆ. "ಹಲೋ, ಸ್ಪೀಕಿಂಗ್" ಎಂದು ಶುರು ಮಾಡಿದ್ದರು. ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು.

ಆಗಸ್ಟ್ 18, ಭಾನುವಾರ

ದಿನವಿಡೀ ಓದಿದೆ. ಬಟ್ಟೆ ಒಗೆದೆ. ಸಂಜೆಯ ಸಾರಾಂಶ ಬಂತು: "ಅಮ್ಮನೊಂದಿಗೆ ಫೋನಿನಲ್ಲಿ ಮಾತನಾಡಲಾಯಿತು." ಅಮ್ಮ ಚೆನ್ನಾಗಿದ್ದಾಳೆ. ಸೊಂಟದ ನೋವು ಕಡಿಮೆಯಾಗಿದೆ.

ಮೊಬೈಲು ಮೇಜಿನ ಮೇಲೆ ಗುಂಯ್ ಗುಂಯ್ ಅನ್ನುತ್ತಿದೆ. ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಅಮ್ಮನದೇ. ಈಗ ತಾನೇ ಮಾತಾಡಿದ್ದೀನಲ್ಲ, ಮತ್ತೇನಂತೆ?